ಅರಮನೆಯ ದೀಪಗಳೂ ಮಾನಿಟರಿನ ಬಿಂದುಗಳೂ

ಮೈಸೂರಿಗೆ ಹೋಗುವವರು ಸಾಮಾನ್ಯವಾಗಿ ಅರಮನೆಯನ್ನು ನೋಡಲೋ, ಚಾಮುಂಡೇಶ್ವರಿಯ ದರ್ಶನಕ್ಕೋ, ಮದುವೆಯ ಸೀರೆಗಳನ್ನು ಕೊಳ್ಳಲೋ ಹೋಗುವರು. ಕಳೆದ ತಿಂಗಳ ಒಂದು ಭಾನುವಾರ ನಾವು ನಂಜನಗೂಡಿನಿಂದ ಅಲ್ಲಿಗೆ ಹೊರಟದ್ದು ಕಂಪ್ಯೂಟರಿನ ಆಟಕ್ಕೆ ತಕ್ಕ ಮಾನಿಟರೊಂದನ್ನು ಆರಿಸುವ ಸಲುವಾಗಿ. ಇದನ್ನು ಕೇಳಿ ವಾಚಕರಲ್ಲಿ ಕೆಲವರು ನಗಬಹುದು; ನಮ್ಮ ಬಂಧುಗಳೂ ನಕ್ಕರು. ಆದರೆ ಮಕ್ಕಳಿರುವ ಮನೆಗಳಲ್ಲಿ ಈಗ ಈ ಪ್ರಶ್ನೆ ಏಳದಿರುವುದು ಅಪರೂಪ. ಹಣವೂ ಕಣ್ಣೂ ಎರಡೂ ಇದರಲ್ಲಿ ಸೇರಿರುವುದರಿಂದ, ಆ ದಿನ ನಾವು ಕಂಡದ್ದನ್ನೂ ಕಲಿತದ್ದನ್ನೂ ಬರೆದಿಡುವುದು ನಿಷ್ಪ್ರಯೋಜಕವಾಗಲಾರದೆಂದು ಭಾವಿಸಿದ್ದೇವೆ.

ಮೊದಲು ನಮ್ಮ ತಪ್ಪನ್ನೇ ಒಪ್ಪಿಕೊಳ್ಳಬೇಕು. ಎರಡು ವರುಷಗಳ ಹಿಂದೆ ಮಗನಿಗೆ ಕಂಪ್ಯೂಟರು ಕೊಡಿಸಿದಾಗ, ಮಾನಿಟರಿಗೆ ಬೇರೆ ಖರ್ಚೇಕೆಂದು, ಮನೆಯಲ್ಲಿದ್ದ 32 ಅಂಗುಲದ ಟೀವಿಯನ್ನೇ ಅವನ ಮೇಜಿನ ಮೇಲಿಟ್ಟೆವು. ದೊಡ್ಡದಾಗಿದೆಯಲ್ಲ, ಅದಕ್ಕಿಂತ ಇನ್ನೇನು ಬೇಕೆಂದು ನಮ್ಮ ಭಾವನೆ. ಕೆಲವು ತಿಂಗಳುಗಳಲ್ಲಿಯೇ ಹುಡುಗನು ಸಂಜೆಯ ವೇಳೆಗೆ ಹಣೆಯನ್ನು ಒತ್ತಿಕೊಳ್ಳತೊಡಗಿದನು. ಅಕ್ಷರಗಳ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆಂದು ಅವನ ದೂರು. ಆಟವನ್ನು ಕಡಿಮೆ ಮಾಡೆಂದು ನಾವು ಗದರಿದೆವು. ಅವನು ಗದರಿಕೆಯನ್ನು ಕೇಳಿ ಸುಮ್ಮನಾದನು. ಬರಬರುತ್ತ ಬೇರೆ ಮಾತುಗಳನ್ನು ಆಡುವುದನ್ನೂ ಕಡಿಮೆ ಮಾಡಿದನು. ಕೊನೆಗೆ ನಮ್ಮ ಮನೆಯಾಕೆಯೇ ಬಟ್ಟೆ ಹೊಲಿದು ಚೀಟಿ ಕಟ್ಟಿ ಕೂಡಿಸಿದ್ದ ಇಪ್ಪತ್ತು ಸಾವಿರ ರೂಪಾಯಿಗಳನ್ನು ತೆಗೆದು ಮುಂದಿಟ್ಟು, “ಗದರಿದರೆ ಯಂತ್ರ ಸರಿಹೋಗುತ್ತದೆಯೇ? ಹೋಗಿ ನೋಡಿಕೊಂಡು ಬರೋಣ” ಎಂದಳು.

ಹೊರಡುವ ಮುನ್ನ ಆಕೆ ಇನ್ನೊಂದು ಕೆಲಸ ಮಾಡಿದಳು. ಹುಡುಗನನ್ನು ಕುರ್ಚಿಯಲ್ಲಿ ಕೂರಿಸಿ, ಅವನ ಕಣ್ಣಿನಿಂದ ಟೀವಿಯ ಮುಖದವರೆಗೆ ಹೊಲಿಗೆಯ ದಾರವನ್ನು ಹಿಡಿದು, ಎರಡು ಕೊನೆಗೂ ಗಂಟು ಹಾಕಿದಳು. ಅಳೆದರೆ 65 ಸೆಂಟಿಮೀಟರು. ಆ ದಾರವನ್ನು ಸುತ್ತಿ ಕೈಚೀಲದಲ್ಲಿಟ್ಟುಕೊಂಡಳು. ರವಿಕೆಯನ್ನು ಅಳತೆಯಿಲ್ಲದೆ ಹೊಲಿಯಲಾಗದೆಂಬುದು ಆಕೆಯ ಸಿದ್ಧಾಂತ.

ಬೆಳಗಿನ ರೈಲು ಕಪಿಲೆಯನ್ನು ದಾಟುವಾಗ, ದಳವಾಯಿ ದೇವರಾಜಯ್ಯನು 1735ರಲ್ಲಿ ಕಟ್ಟಿಸಿದ ಹಳೆಯ ಸೇತುವೆಯ ಕಮಾನುಗಳು ಬಿಸಿಲಿನಲ್ಲಿ ಬೆಳಗುತ್ತಿದ್ದುವು. ಎಡಬಲಗಳಲ್ಲಿ ಹಸುರು ಗದ್ದೆ, ತೆಂಗಿನ ತೋಪು. ಅನಂತರ ಚಾಮುಂಡಿ ಬೆಟ್ಟವು ಬಲಗಡೆ ಬೆಳೆಯುತ್ತ ಬಂದಿತು. ಚಿಕ್ಕ ಹುಡುಗಿಯು ಕಿಟಕಿಯ ಬಳಿಯ ಜಾಗಕ್ಕಾಗಿ ಅಣ್ಣನೊಡನೆ ಕದನವಾಡಿ ಗೆದ್ದಳು.

ದೇವರಾಜ ಅರಸು ರಸ್ತೆಯ ಸಮೀಪದ ಒಂದು ಅಂಗಡಿಗೆ ಹೋದೆವು. ಅಂಗಡಿಯ ತರುಣನು ವಿನಯಶಾಲಿ. ಮೂರು ಮಾನಿಟರುಗಳನ್ನು ಸಾಲಾಗಿ ಹೊತ್ತಿಸಿ ತೋರಿಸಿದನು: 24 ಅಂಗುಲದ್ದು, 27 ಅಂಗುಲದ್ದು, 32 ಅಂಗುಲದ್ದು. ಈ ಅಂಗುಲಗಳು ಅಗಲವಲ್ಲ, ಮೂಲೆಯಿಂದ ಮೂಲೆಗೆ ಎಳೆದ ಗೆರೆಯ ಉದ್ದವೆಂಬುದನ್ನು ವಾಚಕರು ನೆನಪಿಡಬೇಕು. 24 ಅಂಗುಲದ ಪರದೆಯ ಅಗಲ ಸುಮಾರು 53 ಸೆಂಟಿಮೀಟರು, 27ರದು 60, 32ರದು 71. ನಮ್ಮ ಮನೆಯಾಕೆ ದಾರವನ್ನು ತೆಗೆದು ಒಂದು ಗಂಟನ್ನು ಮಗನ ಹಣೆಗೂ ಇನ್ನೊಂದನ್ನು ಪರದೆಗೂ ಹಿಡಿದಾಗ ತರುಣನು ನಕ್ಕು, “ಅಳತೆಗೆ ದಾರ ತಂದವರು ನೀವೇ ಮೊದಲು, ಅಮ್ಮ. ಎಲ್ಲರೂ ಹೀಗೆಯೇ ತಂದರೆ ನಮ್ಮ ಕೆಲಸ ಅರ್ಧ ಮುಗಿದ ಹಾಗೆ” ಎಂದನು.

ಮಗನ ಮನಸ್ಸು 32 ಅಂಗುಲದ ಮೇಲಿತ್ತು. ಅದು ನಿಜವಾಗಿಯೂ ಮನೋಹರ. ಅದರ ರೆಸಲ್ಯೂಷನ್, ಎಂದರೆ ಬಿಂದುಗಳ ಎಣಿಕೆ, ಅಡ್ಡಕ್ಕೆ 3,840, ಎತ್ತರಕ್ಕೆ 2,160, ಒಟ್ಟು 82,94,400. ಇದನ್ನೇ ‘ಫೋರ್ ಕೆ’ ಎಂದು ಕರೆಯುವರು. 27 ಅಂಗುಲದ್ದರಲ್ಲಿ 2,560ಕ್ಕೆ 1,440, ಒಟ್ಟು 36,86,400. 24 ಅಂಗುಲದ್ದರಲ್ಲಿ 1,920ಕ್ಕೆ 1,080, ಒಟ್ಟು 20,73,600. ನಮ್ಮ ಮನೆಯ ಟೀವಿಯಲ್ಲಾದರೋ 1,366ಕ್ಕೆ 768 ಮಾತ್ರ. ಅಷ್ಟು ವಿಶಾಲವಾದ ಪರದೆಯ ಮೇಲೆ ಅಷ್ಟು ವಿರಳವಾದ ಬಿಂದುಗಳು! ಒಂದೊಂದು ಬಿಂದುವೂ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ದೊಡ್ಡದು. ಮೆಟ್ಟಿಲುಗಳು ಹುಡುಗನ ಕಲ್ಪನೆಯಲ್ಲವೆಂದು ಆಗ ನಮಗೆ ತಿಳಿಯಿತು. ನಾವು ಗದರಿದ್ದು ನೆನಪಾಗಿ ನಾಚಿಕೆಯಾಯಿತು.

ಫೋರ್ ಕೆ ಮಾನಿಟರಿನ ಬೆಲೆ ನಮ್ಮ ಚೀಟಿಯ ಹಣದ ಎರಡರಷ್ಟನ್ನೂ ಮೀರಿತ್ತು. 27ರದು ಹೆಚ್ಚುಕಡಮೆ ಅಷ್ಟಕ್ಕೇ ಸರಿಹೋಗುತ್ತಿತ್ತು. 24ರದು ಅರ್ಧದೊಳಗೆ ಮುಗಿಯುತ್ತಿತ್ತು. ಹುಡುಗನು ತುಟಿ ಬಿಗಿದು ನಿಂತನು. “ಸಂಜೆ ಬಂದು ಹೇಳುತ್ತೇವೆ” ಎಂದು ಹೊರಬಂದೆವು. ಮಸಾಲೆದೋಸೆಯ ಮುಂದೆಯೂ ಅವನ ಮೌನ ಮುರಿಯಲಿಲ್ಲ.

ಮಧ್ಯಾಹ್ನ ಅರಮನೆಯನ್ನು ನೋಡಿದೆವು. ಹಿಂದಿನ ಮರದ ಅರಮನೆಯು 1897ರಲ್ಲಿ ರಾಜಕುಮಾರಿಯ ವಿವಾಹಕಾಲದಲ್ಲಿ ಬೆಂಕಿಗೆ ತುತ್ತಾದ ಮೇಲೆ, ಹೆನ್ರಿ ಅರ್ವಿನ್ನನ ನಕ್ಷೆಯಂತೆ ಎದ್ದು 1912ರಲ್ಲಿ ಮುಗಿದ ಕಟ್ಟಡವಿದು. ಗ್ಲಾಸ್ಗೋ ನಗರದಲ್ಲಿ ಎರಕ ಹೊಯ್ದ ಕಂಬಗಳೂ ನವಿಲುಗಳ ಬಣ್ಣದ ಗಾಜಿನ ಛಾವಣಿಯೂ ಉಳ್ಳ ಕಲ್ಯಾಣಮಂಟಪದ ಸುತ್ತಲೂ ದಸರಾ ಮೆರವಣಿಗೆಯ ಚಿತ್ರಗಳು ಸಾಲಾಗಿವೆ. ಆನೆ, ಕುದುರೆ, ಸೈನಿಕರು, ಛತ್ರಚಾಮರಗಳು ಗೋಡೆಯಿಂದ ಗೋಡೆಗೆ ಹರಿದು ಬರುತ್ತವೆ. ನಾವು ಹಿಂದೆ ಸರಿದು ನಿಂತರೆ ಮೆರವಣಿಗೆ ನಡೆಯುವಂತೆ ತೋರುತ್ತಿತ್ತು. ಹತ್ತಿರ ಹೋದರೆ ಒಬ್ಬ ಸವಾರನ ರುಮಾಲು ಮಾತ್ರ ಕಣ್ತುಂಬುತ್ತಿತ್ತು, ಉಳಿದುದನ್ನು ನೋಡಲು ಕುತ್ತಿಗೆಯನ್ನು ತಿರುಗಿಸಬೇಕಾಗುತ್ತಿತ್ತು. ನಮ್ಮ ಮನೆಯಾಕೆ ಮಾತ್ರ ಪ್ರತಿಯೊಂದು ಚಿತ್ರದ ಬಳಿಗೂ ಹೋಗಿ, ಬಾಗಿ ಬಾಗಿ ನೋಡುತ್ತಿದ್ದಳು. ಜರಿಯಂಚುಗಳ ಕುಸುರಿಯನ್ನು ನೋಡುತ್ತಿರುವಳೆಂದು ನಾವು ಭಾವಿಸಿದೆವು.

ಆಟವೆಂಬುದು ಕೇವಲ ಕಾಲಹರಣವೆನ್ನುವವರಿಗೆ ಮೈಸೂರಿನಲ್ಲಿಯೇ ಉತ್ತರವಿದೆ. 1868ರಲ್ಲಿ ತೀರಿಕೊಂಡ ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಕುದುರೆಯನ್ನು 64 ಮನೆಗಳಲ್ಲಿಯೂ ಒಂದೊಂದು ಸಲ ನಡೆಸಿ ಬರುವ ಬಂಧಗಳಲ್ಲಿ ನಿಪುಣರಾಗಿದ್ದರು. ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯೆಂಬ ಭಾಗದಲ್ಲಿ ಗಂಜೀಫಾ ಎಲೆಗಳ ವಿವರಗಳಿವೆ. ಗಂಜೀಫಾದ ಎಲೆಯಾದರೋ ಅಂಗೈಯೊಳಗೆ ಅಡಗುವಷ್ಟು ಚಿಕ್ಕದು. ಅಷ್ಟರೊಳಗೇ ದೇವತೆ, ವಾಹನ, ಆಯುಧಗಳೆಲ್ಲ ಕೂದಲೆಳೆಯ ಕುಂಚದಿಂದ ಮೂಡುವುವು. ಅದನ್ನು ದೊಡ್ಡದಾಗಿ ಮಾಡಬೇಕೆಂದು ಯಾರಿಗೂ ತೋರಲಿಲ್ಲ. ಕೈಯಲ್ಲಿ ಹಿಡಿಯುವುದಕ್ಕೆ ಕೈಯ ದೂರಕ್ಕೆ ತಕ್ಕ ಅಳತೆಯೇ ಸಾಕು. ಗೋಡೆಯ ಚಿತ್ರಕ್ಕೆ ಗೋಡೆಯ ದೂರ, ಎಲೆಗೆ ಕೈಯ ದೂರ. ಮಾನಿಟರಿಗಾದರೋ ಮೇಜಿನ ದೂರ. ಈ ಮಾತನ್ನು ನಾವು ಮಗನಿಗೆ ಹೇಳಿದೆವು. ಅವನು ಉತ್ತರ ಕೊಡಲಿಲ್ಲ, ಆದರೆ ಕೇಳಿದನು.

ಭಾನುವಾರವಾದ್ದರಿಂದ ಸಂಜೆ ದೀಪಾಲಂಕಾರವಿತ್ತು. ಕತ್ತಲೆಯಾಗುತ್ತಿದ್ದಂತೆ ಅಂಗಳದಲ್ಲಿ ಜನ ಕಿಕ್ಕಿರಿಯಿತು. ಒಂದು ಕ್ಷಣದಲ್ಲಿ ಲಕ್ಷಕ್ಕೆ ಸಮೀಪವಾದ ದೀಪಗಳು ಒಮ್ಮೆಗೇ ಹೊತ್ತಿಕೊಂಡುವು. ಗುಮ್ಮಟ, ಕಮಾನು, ಗೋಪುರಗಳು ಕಪ್ಪು ಆಕಾಶದ ಮೇಲೆ ಚಿನ್ನದ ಗೆರೆಗಳಲ್ಲಿ ಬರೆದಂತೆ ನಿಂತುವು. ಜನರ ಬಾಯಿಂದ ಒಂದೇ ಉದ್ಗಾರ ಹೊರಟಿತು.

ಆಗ ಹುಡುಗನೇ ಮಾತು ತೆಗೆದನು. “ಅಪ್ಪ, ಇದೂ ಮಾನಿಟರೇ ಅಲ್ಲವೇ? ಒಂದೊಂದು ದೀಪವೂ ಒಂದೊಂದು ಬಿಂದು.” ಅಹುದೆಂದೆವು. ಕಳೆದ ದಸರೆಯಲ್ಲಿ ಬೆಟ್ಟದ ಮೇಲಿಂದ ನೋಡಿದಾಗ ದೀಪಗಳು ಬಿಡಿಯಾಗಿ ಕಂಡಿರಲಿಲ್ಲ, ಹೊಂಬಣ್ಣದ ಒಂದು ಆಕೃತಿ ಮಾತ್ರ ಕಂಡಿತ್ತು. ಇದಕ್ಕೆ ಲೆಕ್ಕವುಂಟು. ವೃತ್ತದ 360 ಅಂಶಗಳಲ್ಲಿ ಒಂದನ್ನು 60 ಭಾಗ ಮಾಡಿದರೆ ಒಂದು ಕಲೆ. ಆರೋಗ್ಯವಾದ ಕಣ್ಣು ಸಾಮಾನ್ಯವಾಗಿ ಒಂದು ಕಲೆಯಷ್ಟು ಅಂತರವಿರುವ ಎರಡು ಬಿಂದುಗಳನ್ನು ಬೇರೆ ಬೇರೆಯಾಗಿ ಕಾಣಬಲ್ಲದು. ಅದಕ್ಕಿಂತ ಒತ್ತಾದರೆ ಎರಡೂ ಬೆರೆತುಹೋಗುವುವು. ಅಂತರದ ಸುಮಾರು 3,400 ಪಟ್ಟು ದೂರ ಹೋದರೆ ಈ ಬೆರೆಯುವಿಕೆ ಆರಂಭವಾಗುತ್ತದೆ. ದೀಪಗಳು ಒಂದಡಿಗೆ ಒಂದರಂತೆ ಇವೆಯೆಂದು ಇಟ್ಟುಕೊಂಡರೆ, ಸುಮಾರು ಒಂದು ಕಿಲೋಮೀಟರು ದೂರದಲ್ಲಿ ಅವು ಗೆರೆಯಾಗಬೇಕು.

ಹುಡುಗನು ಇದೇ ಲೆಕ್ಕವನ್ನು ಮಾನಿಟರಿಗೆ ಹಾಕಿದನು. ನಮ್ಮ ಟೀವಿಯ ಬಿಂದುಗಳು ಬೆರೆಯಬೇಕಾದರೆ ಸುಮಾರು 178 ಸೆಂಟಿಮೀಟರು ದೂರ ಕುಳಿತುಕೊಳ್ಳಬೇಕು. 24 ಅಂಗುಲದ್ದಕ್ಕೆ 95. 27 ಅಂಗುಲದ 1,440ಕ್ಕೆ 80. 32 ಅಂಗುಲದ ಫೋರ್ ಕೆಗೆ 63. ನಮ್ಮ ದಾರದ ಅಳತೆಗೆ ಅದೇ ಸರಿಯಾದುದು. ಅವನ ಆಸೆ ಹುಚ್ಚಲ್ಲವೆಂದು ನಾವು ಒಪ್ಪಿದೆವು. ಆದರೆ ಲೆಕ್ಕಕ್ಕೆ ಇನ್ನೊಂದು ಮುಖವಿದೆ. ಆಟದ ಚಿತ್ರವನ್ನು ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡು ಕ್ಷಣಕ್ಷಣಕ್ಕೂ ಹೊಸದಾಗಿ ಬಿಡಿಸಬೇಕು. ಸೆಕೆಂಡಿಗೆ 60 ಸಲ ಬಿಡಿಸುವುದಾದರೆ 1,080ರ ಪರದೆಗೆ ಸುಮಾರು 12 ಕೋಟಿ ಬಿಂದುಗಳಾಗುವುವು, 1,440ಕ್ಕೆ 22 ಕೋಟಿ, ಫೋರ್ ಕೆಗೆ 50 ಕೋಟಿ. ನಮ್ಮ ಕಾರ್ಡು ಸಾಧಾರಣವಾದುದು. 1,080ರಲ್ಲಿಯೇ 60ನ್ನು ಮುಟ್ಟಲು ಏದುಸಿರು ಬಿಡುತ್ತದೆ. ಫೋರ್ ಕೆ ಕೊಟ್ಟರೆ ಚಿತ್ರ ಸೊಗಸಾಗಿ ನಿಲ್ಲುವುದು, ಆದರೆ ಓಡಲಾರದು. ಬಿಂದುಗಳನ್ನು ಕಡಿಮೆ ಮಾಡಿ ಆಡಿದರಾಯಿತೆಂದರೆ, ಮಾನಿಟರು ತನ್ನ ಹುಟ್ಟು ಎಣಿಕೆಗಿಂತ ಕಡಿಮೆಯ ಚಿತ್ರವನ್ನು ಹಿಗ್ಗಿಸಿ ತೋರಿಸುವಾಗ ಸಾಮಾನ್ಯವಾಗಿ ಮಸಕಾಗುತ್ತದೆ.

ಅಷ್ಟರಲ್ಲಿ ಚಿಕ್ಕ ಹುಡುಗಿಯು ತಾಯಿಯ ಸೆರಗನ್ನೆಳೆದು, “ಅಮ್ಮಾ, ಆ ಕಮಾನಿನ ಮೇಲೆ ಎಷ್ಟು ದೀಪ ಇದೆ, ನೀನೂ ಎಣಿಸು, ನನ್ನದು ಸರಿಯೋ ನೋಡೋಣ” ಎಂದಳು.

“ಎಣಿಸುವುದಕ್ಕೆ ದೀಪ ಎಲ್ಲಿ ಬಿಡಿಬಿಡಿಯಾಗಿದೆಯೇ? ಒಂದೇ ಗೆರೆಯಲ್ಲವೇ!”

ನಾವು ಮೂವರೂ ಆಕೆಯ ಕಡೆ ತಿರುಗಿದೆವು. ನಮಗೆ ಒಂದೊಂದು ದೀಪವೂ ಮಣಿಯಂತೆ ಸ್ಪಷ್ಟವಾಗಿ ಕಾಣುತ್ತಿತ್ತು. ಹುಡುಗನು ಏನೂ ಹೇಳದೆ ತಾಯಿಯ ಕೈ ಹಿಡಿದು, ಜನರ ನಡುವೆ ದಾರಿ ಮಾಡಿಕೊಂಡು, ಹೆಜ್ಜೆಯೆಣಿಸುತ್ತ ಅರಮನೆಯ ಕಡೆಗೆ ನಡೆದನು. “ಈಗ?” “ಇಲ್ಲ.” “ಈಗ?” “ಇನ್ನೂ ಗೆರೆಯೇ ಕಣೋ.” ನಾವು ನಿಂತಿದ್ದ ದೂರದ ಕಾಲುಭಾಗಕ್ಕೆ ಬಂದ ಮೇಲೆ ಆಕೆ ನಿಂತು, “ಓ, ಇವು ಬೇರೆ ಬೇರೆ ದೀಪಗಳೇ!” ಎಂದಳು. ಆ ಮಾತಿನಲ್ಲಿದ್ದ ಸಂತೋಷವನ್ನು ಕೇಳಿ ನಮಗೆ ಕರುಳು ಹಿಂಡಿದಂತಾಯಿತು. ಸೂಜಿಗೆ ದಾರವನ್ನು ಪೋಣಿಸುವಷ್ಟು ಹತ್ತಿರದ ನೋಟ ಚೆನ್ನಾಗಿದ್ದುದರಿಂದ, ದೂರದ ನೋಟ ಕುಂದಿರುವುದು ಆಕೆಗೂ ತಿಳಿಯಲಿಲ್ಲ, ನಮಗೂ ತಿಳಿಯಲಿಲ್ಲ. ಬಾಗಿ ಬಾಗಿ ಚಿತ್ರಗಳನ್ನು ನೋಡಿದ್ದರ ಅರ್ಥ ಆಗ ಆಯಿತು.

ಅಂಗಡಿಗೆ ಹಿಂದಿರುಗಿದಾಗ ತರುಣನು 27 ಅಂಗುಲದ್ದನ್ನು ಒರೆಸಿ ಸಿದ್ಧವಾಗಿಟ್ಟಿದ್ದನು. ಹುಡುಗನು, “24ರದು ಕೊಡಿ” ಎಂದನು.

“ಯೋಚನೆ ಮಾಡಿದೆಯಾ?” ಎಂದು ಕೇಳಿದೆವು.

“ನಮ್ಮ ಕಾರ್ಡಿಗೆ ಇದೇ ಸರಿ, ಅಪ್ಪ. ಕುರ್ಚಿಯನ್ನು ಸ್ವಲ್ಪ ಹಿಂದೆ ಎಳೆದುಕೊಳ್ಳುತ್ತೇನೆ. ಉಳಿದದ್ದು ಅಮ್ಮನ ಕನ್ನಡಕಕ್ಕೆ.”

“ನನಗೇನಾಗಿದೆ? ಚೀಟಿ ಹಾಕಿದ್ದು ನಿನಗಾಗಿ” ಎಂದು ಆಕೆ ವಾದಿಸಿದಳು. ಆದರೆ ಆ ರಾತ್ರಿ ಆಕೆಯ ವಾದಕ್ಕೆ ಮನ್ನಣೆ ದೊರೆಯಲಿಲ್ಲ. ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಊರಿಗೆ ಮರಳುವಾಗ ಹುಡುಗನು ದಾರಿಯುದ್ದಕ್ಕೂ ನಮ್ಮೊಡನೆ ಮಾತನಾಡಿದನು. ಏನು ಮಾತನಾಡಿದನೆಂಬುದು ಮುಖ್ಯವಲ್ಲ.

ಮಾನಿಟರು ಕೊಳ್ಳಬೇಕೆಂದಿರುವ ಗೃಹಸ್ಥರಿಗೆ ನಮ್ಮ ಅನುಭವದ ಸಾರ ಇಷ್ಟು. ಅಂಗುಲವನ್ನು ಕೇಳುವ ಮೊದಲು ಮೇಜಿನ ದೂರವನ್ನು ಅಳೆಯಿರಿ, ದಾರವೊಂದು ಸಾಕು. ಬಳಿಕ ಕಾರ್ಡಿನ ಶಕ್ತಿಯನ್ನು ತಿಳಿದು ಬಿಂದುಗಳನ್ನು ಗೊತ್ತುಮಾಡಿ. ಕೊನೆಗೆ ಆ ಬಿಂದುಗಳಿಗೆ ತಕ್ಕ ಅಳತೆಯನ್ನು ಆರಿಸಿ. 1,080ಕ್ಕೆ 24 ಅಂಗುಲ ಒಪ್ಪುತ್ತದೆ. 27ಕ್ಕೆ ಏರಿದರೆ ಬಿಂದುಗಳು ಎದ್ದು ಕಾಣುವುವು. 1,440ಕ್ಕೆ 27 ಹಿತವಾದುದು. ಶಕ್ತಿಯಾದ ಕಾರ್ಡೂ ಆಳವಾದ ಮೇಜೂ ಇರುವವರು ಫೋರ್ ಕೆಗೆ 32ನ್ನು ತೆಗೆದುಕೊಳ್ಳಬಹುದು. ಸೆಕೆಂಡಿಗೆ 144 ಚಿತ್ರ ತೋರಿಸುವ ಮಾನಿಟರುಗಳೂ ಉಂಟು. ಕಾರ್ಡು ಅಷ್ಟನ್ನು ಒದಗಿಸಿದರೆ ಮಾತ್ರ ಅವುಗಳ ಪೂರ್ಣ ಪ್ರಯೋಜನ. ಇದೆಲ್ಲಕ್ಕಿಂತ ಮೊದಲು, ಮನೆಯವರೆಲ್ಲರ ಕಣ್ಣುಗಳನ್ನೂ ಒಮ್ಮೆ ಪರೀಕ್ಷಿಸಿ.

ಮುಂದಿನ ವಾರ ಕನ್ನಡಕ ಬಂದಿತು. ಅದನ್ನು ಹಾಕಿಕೊಂಡು ಆಕೆ ಹಿತ್ತಲಿಗೆ ಹೋದಳು. ಬಹಳ ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ, ಬಾವಿಕಟ್ಟೆಯ ಬಳಿ ನಿಂತು, ಬೆರಳು ಮಡಿಸುತ್ತ, ಶ್ರೀಕಂಠೇಶ್ವರನ ಗೋಪುರದ ಕಲಶಗಳನ್ನು ಒಂದೊಂದಾಗಿ ಎಣಿಸುತ್ತಿದ್ದಳು.