ಹೊಸ್ತಿಲ ಮೇಲೆ

ಹೇಮಾವತಿಯ ದಂಡೆಯ ನಮ್ಮ ಹೊಳೆನರಸೀಪುರದ ದೇವರು ಲಕ್ಷ್ಮೀನರಸಿಂಹ. ಒಳಗೂ ಅಲ್ಲದ, ಹೊರಗೂ ಅಲ್ಲದ ಹೊಸ್ತಿಲ ಮೇಲೆ ಹಿರಣ್ಯಕಶಿಪುವನ್ನು ಸೀಳಿದವನು. ಈಚೆಗೆ ಅಂಥದೇ ಒಂದು ಹೊಸ್ತಿಲ ಮೇಲೆ ನಾನೂ ಕುಳಿತಿದ್ದೇನೆ.

ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ರಕ್ತಪರೀಕ್ಷೆಯಲ್ಲಿ ನನಗೆ ಬಂದದ್ದು 6.1. ಅದು 5.7ಕ್ಕಿಂತ ಕೆಳಗಿದ್ದರೆ ಚಿಂತೆಯಿಲ್ಲ, 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ನಾನು ಎರಡೂ ಅಲ್ಲ. 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಹೀಗೆ ಕುಳಿತವರು 13 ಕೋಟಿಗೂ ಹೆಚ್ಚು. ಹೊಸ್ತಿಲೇನೂ ಬಿಕೋ ಎನ್ನುತ್ತಿಲ್ಲ!

ಆದರೆ ನನ್ನ ದೇಹದಲ್ಲಿ ಮೊದಲೇ ಬಿಡಾರ ಹೂಡಿದ ನೆಂಟರಿದ್ದಾರೆ: ರಕ್ತದೊತ್ತಡ, ಥೈರಾಯಿಡ್, ಮಂಡಿನೋವು. ಒಬ್ಬರನ್ನು ಉಪಚರಿಸಿದರೆ ಇನ್ನೊಬ್ಬರಿಗೆ ಮುನಿಸು. ಡಾಕ್ಟರು ದಿನಾ ಅರ್ಧ ಗಂಟೆ ನಡೆಯಿರಿ ಎಂದರು. ಹೊಳೆಯ ಕಡೆ ನಡೆದು ಬಂದ ಸಂಜೆಯೇ ಮಂಡಿ ಊದಿತು. ಸಿಹಿ ಬಿಟ್ಟ ನಾಲಗೆಯನ್ನು ಉಪ್ಪಿನಕಾಯಿಯಿಂದ ಸಮಾಧಾನಪಡಿಸಿದೆ, ರಕ್ತದೊತ್ತಡ ಏರಿತು.

"ಮುದ್ದೆ ಉಣ್ಣೋರಿಗೆ ಸಕ್ಕರೆ ಬರೋಲ್ಲ, ಅಲ್ವೇನೇ?" ಎಂದೆ ಮನೆಯಾಕೆಗೆ.

"ಮಾವನೋರು ಏನು ಉಣ್ತಿದ್ರು?" ಎಂದಳು.

ನಾನು ಸುಮ್ಮನಾದೆ. ಜೀವಮಾನವೆಲ್ಲ ಮುದ್ದೆ ಉಂಡ ಅಪ್ಪ, ಹುಣ್ಣೊಂದು ಮಾಯದೆ ಪಾದವನ್ನೇ ಕಳೆದುಕೊಂಡರು. ಅಲ್ಲೊಂದು ಹೊಸ್ತಿಲಿದೆಯೆಂದು ಅವರಿಗೆ ಯಾರೂ ಹೇಳಿರಲಿಲ್ಲ. ದಾಟಿದ ಮೇಲೆಯೇ ತಿಳಿದದ್ದು.

ಈಗ ನನ್ನ ತಟ್ಟೆಯಲ್ಲಿ ಎರಡರ ಬದಲು ಒಂದೇ ಮುದ್ದೆ, ಜೊತೆಗೆ ಹೆಚ್ಚು ಸೊಪ್ಪು. ನಡಿಗೆ ಹತ್ತು ಹತ್ತು ನಿಮಿಷದ ಮೂರು ಕಂತು, ಮಂಡಿ ಒಪ್ಪಿಕೊಂಡಿದೆ.

ಹೊಸ್ತಿಲ ಮೇಲೆ ಕೂರಬಾರದೆನ್ನುತ್ತಿದ್ದಳು ಅಜ್ಜಿ. ಕೂರದೆ ಗತಿಯಿಲ್ಲ ತಾಯಿ. ಆದರೆ ಹೊರಕ್ಕೆ ಮುಖ ಮಾಡಿ ಕೂತಿದ್ದೇನೆ.