ಇಂಟು ಮಾರ್ಕಿನ ಗುಳಿಗೆ

ಹೋದ ಏಪ್ರಿಲ್ ತಿಂಗಳು. ಬೆಳಿಗ್ಗೆ ಎಂಟು ಗಂಟೆಯ ಔಷಧಿ ಕೊಟ್ಟು ಮುಗಿಸಿ ವಾರ್ಡಿನಲ್ಲಿ ಚಾರ್ಟ್ ಬರೀತಾ ನಿಂತಿದ್ದೆ. ಸಿರುಗುಪ್ಪದಿಂದ ಅವ್ವನ ಫೋನು.

"ಯವ್ವಾ, ನಿಮ್ಮಪ್ಪ ಗುಳಿಗಿ ನುಂಗವಲ್ಲ. ಗಂಟ್ಲಾಗ ಸಿಕ್ಕೊಳ್ತಾವ ಅಂತ ಉಗುಳ್ತಾನ. ಏನ್ ಮಾಡ್ಲಿ?"

ಅಪ್ಪನಿಗೆ ನಾಲ್ಕು ತಿಂಗಳ ಹಿಂದೆ ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು ಸ್ವಲ್ಪ ಸುಧಾರಿಸಿದ್ದವು, ಮಾತು ಇನ್ನೂ ತೊದಲುತ್ತಿತ್ತು. ಈ ಕಡೆ ಹನ್ನೊಂದನೇ ಬೆಡ್ಡಿನವರ ಮಗ "ಸಿಸ್ಟರ್, ಸಲೈನ್ ನಿಂತೈತಿ" ಅಂತ ಕರೀತಿದ್ದ. "ಪುಡಿ ಮಾಡಿ ಮಜ್ಜಿಗ್ಯಾಗ ಕಲಿಸಿ ಕುಡಿಸವ್ವ" ಅಂದವಳೇ ಫೋನಿಟ್ಟೆ. ಅರ್ಧ ನಿಮಿಷದ ಮಾತು.

ಬಳ್ಳಾರಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಒಂಬತ್ತು ವರ್ಷದಿಂದ ನರ್ಸ್ ಆಗಿದ್ದೇನೆ. ದಿನಕ್ಕೆ ನೂರಾರು ಗುಳಿಗೆ ನನ್ನ ಕೈಯಿಂದ ರೋಗಿಗಳ ಬಾಯಿಗೆ ಹೋಗುತ್ತವೆ. ಹೊರಗಿನವರಿಗೆ ಇದು ಪ್ರಸಾದ ಹಂಚಿದ ಹಾಗೆ ಕಾಣಬಹುದು. ಟ್ರಾಲಿ ತಳ್ಳಿಕೊಂಡು ಬರೋದು, ಸಣ್ಣ ಕಪ್ಪಿನಲ್ಲಿ ಹಾಕಿ ಕೊಡೋದು, ಮುಂದಿನ ಬೆಡ್ಡಿಗೆ ಹೋಗೋದು. ಹೊಸದಾಗಿ ಕೆಲಸಕ್ಕೆ ಬರೋ ಹುಡುಗಿಯರೂ ಇಂಜೆಕ್ಷನ್ನಿಗೆ ಹೆದರಿದಷ್ಟು ಗುಳಿಗೆಗೆ ಹೆದರೋದಿಲ್ಲ.

ಅವರಿಗೆ ನಾನು ಮೊದಲು ಕಲಿಸೋದು ಹೆಸರು ಕೇಳೋದನ್ನ. ನಮ್ಮ ಕಡೆ ಒಂದು ವಾರ್ಡಿನಲ್ಲಿ ಇಬ್ಬರು ಬಸಮ್ಮ, ಮೂವರು ಹನುಮಂತಪ್ಪ ಇರೋದು ಮಾಮೂಲು. "ನೀವು ಬಸಮ್ಮ ಅಲ್ವಾ?" ಅಂತ ಕೇಳಿದರೆ ವಯಸ್ಸಾದವರು ಏನಂದರೂ ಹೂಂ ಅಂತಾರೆ. ಕಿವಿ ಕೇಳದಿದ್ದರೂ ಹೂಂ, ನಿದ್ದೆಗಣ್ಣಲ್ಲೂ ಹೂಂ. ಅದಕ್ಕೆ "ನಿಮ್ಮ ಹೆಸರೇನಮ್ಮ?" ಅಂತ ಕೇಳಬೇಕು, ಅವರ ಬಾಯಿಂದಲೇ ಬರಬೇಕು. ತೆಲುಗಿನವರಾದರೆ "ಮೀ ಪೇರೇಂಟಮ್ಮಾ?" ಆಮೇಲೆ ಕೈಯ ಪಟ್ಟಿಯಲ್ಲಿರೋ ನಂಬರಿಗೂ ಚಾರ್ಟಿಗೂ ತಾಳೆ ನೋಡಬೇಕು. ಬೆಡ್ ನಂಬರನ್ನ ಮಾತ್ರ ನಂಬಬಾರದು, ಫ್ಯಾನಿನ ಗಾಳಿಗೆ ಅಂತ ಜನ ಬೆಡ್ ಬದಲಾಯಿಸಿಕೊಂಡು ಮಲಗಿರ್ತಾರೆ. ಬಳ್ಳಾರಿಯ ಬಿಸಿಲು ಗೊತ್ತಿದ್ದವರಿಗೆ ಇದು ತಮಾಷೆ ಅನ್ನಿಸಲಿಕ್ಕಿಲ್ಲ.

ಸರಿಯಾದ ರೋಗಿ, ಸರಿಯಾದ ಔಷಧಿ, ಸರಿಯಾದ ಪ್ರಮಾಣ, ಸರಿಯಾದ ದಾರಿ, ಸರಿಯಾದ ಸಮಯ. ನರ್ಸಿಂಗ್ ಓದಿದವರೆಲ್ಲ ಬಾಯಿಪಾಠ ಮಾಡಿರೋ ಐದು ಮಾತು. ಗುಳಿಗೆಯನ್ನ ರೋಗಿಯ ಮುಂದೆಯೇ ಸ್ಟ್ರಿಪ್ಪಿನಿಂದ ಬಿಡಿಸಬೇಕು. ಟೇಬಲ್ ಮೇಲೆ ಇಟ್ಟು "ಆಮೇಲೆ ತಗೊಳ್ರಿ" ಅಂತ ಬರೋ ಹಾಗಿಲ್ಲ. ನುಂಗಿದ್ದನ್ನ ಕಣ್ಣಾರೆ ನೋಡಿದ ಮೇಲೆಯೇ ಸಹಿ, ಮೊದಲೇ ಹಾಕಿಟ್ಟುಕೊಳ್ಳಬಾರದು. ಶುಗರ್ ಗುಳಿಗೆ ಕೊಡುವ ಮುಂಚೆ ತಿಂಡಿ ಬಂದಿದೆಯಾ, ಪರೀಕ್ಷೆಗೆ ಅಂತ ಉಪವಾಸ ಇಟ್ಟಿದ್ದಾರಾ ಅಂತ ನೋಡಬೇಕು. ಡಿಗಾಕ್ಸಿನ್ ಕೊಡುವ ಮುಂಚೆ ನಾಡಿ ಎಣಿಸಬೇಕು, 60ಕ್ಕಿಂತ ಕಡಿಮೆ ಇದ್ದರೆ ಕೊಡದೆ ಡಾಕ್ಟರಿಗೆ ತಿಳಿಸಬೇಕು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದವಳೇ ಅವ್ವನಿಗೆ ಹಾಗೆ ಹೇಳಿದ್ದು.

ಮೂರನೇ ದಿನ ಮಧ್ಯಾಹ್ನ ಅಪ್ಪ ಬಚ್ಚಲಿಗೆ ಹೋಗೋಕೆ ಎದ್ದವನು ಕಣ್ಣು ಕತ್ತಲೆ ಬಂದು ಬಿದ್ದ. ಹುಬ್ಬಿನ ಮೇಲೆ ಹರಿದಿತ್ತು. ತಮ್ಮ ಬಾಡಿಗೆ ಕಾರು ಮಾಡಿಕೊಂಡು 55 ಕಿಲೋಮೀಟರು ಬಳ್ಳಾರಿಗೆ ಕರೆತಂದ. ಕ್ಯಾಶುವಾಲ್ಟಿಯಲ್ಲಿ ನಾಡಿ 46, ಬಿಪಿ 84ಕ್ಕೆ 50. ತಲೆಯ ಸ್ಕ್ಯಾನ್ ಮಾಡಿದರು, ಒಳಗೆ ರಕ್ತ ಇರಲಿಲ್ಲ, ದೇವರ ದಯ. ಗುಳಿಗೆಗಳ ಚೀಟಿ ನೋಡುತ್ತಿದ್ದ ಡಾಕ್ಟರು ಅವ್ವನನ್ನ ಕೇಳಿದರು, "ಇವನ್ನ ಹೆಂಗ ಕೊಡ್ತಿದ್ರಿ?"

"ಕುಟ್ಟಿ ಪುಡಿ ಮಾಡಿ, ಮಜ್ಜಿಗ್ಯಾಗ. ನನ್ನ ಮಗಳು ನರ್ಸ್ ಅದಾಳ್ರಿ, ಅಕೀನೇ ಹೇಳಿದ್ಲು."

ಅವ್ವ ಹೆಮ್ಮೆಯಿಂದಲೇ ಹೇಳಿದಳು. ನಾನು ಯೂನಿಫಾರ್ಮಿನಲ್ಲಿ ಅಲ್ಲೇ ನಿಂತಿದ್ದೆ.

ಚೀಟಿಯಲ್ಲಿದ್ದದ್ದು ಮೆಟೊಪ್ರೊಲಾಲ್ ಎಕ್ಸ್‌ಎಲ್ 50. ಎಕ್ಸ್‌ಎಲ್ ಅಂದರೆ ದಿನವಿಡೀ ಸ್ವಲ್ಪ ಸ್ವಲ್ಪವಾಗಿ ಕರಗೋ ಹಾಗೆ ಮಾಡಿದ ಗುಳಿಗೆ. ಕಲ್ಲಿನಲ್ಲಿ ಅರೆದರೆ ಆ ವ್ಯವಸ್ಥೆಯೇ ಹೋಯಿತು, ಇಡೀ ದಿನದ ಔಷಧಿ ಒಂದೆರಡು ತಾಸಿನಲ್ಲಿ ಮೈಗೆ ಸೇರುತ್ತದೆ. ಸ್ಟ್ರಿಪ್ಪಿನ ಮೇಲೆ ಎಕ್ಸ್‌ಎಲ್, ಎಸ್‌ಆರ್, ಇಆರ್, ಸಿಆರ್ ಅಂತ ಇದ್ದರೆ ಅರೆಯಬಾರದು, ಅಗಿಯಬಾರದು. ಮಧ್ಯ ಗೆರೆ ಇರೋ ಕೆಲವನ್ನ ಎರಡು ಹೋಳು ಮಾಡಬಹುದು, ಅದೂ ಡಾಕ್ಟರ್ ಹೇಳಿದರೆ. ಗ್ಯಾಸಿಗೆ ಅಂತ ಎಲ್ಲರೂ ನುಂಗೋ ಪ್ಯಾಂಟೊಪ್ರಜೋಲಿಗೆ ಮೇಲೊಂದು ಲೇಪ ಇರುತ್ತದೆ, ಹೊಟ್ಟೆಯ ಆಸಿಡ್ಡಿಗೆ ಸಿಕ್ಕು ಹಾಳಾಗದಿರಲಿ ಅಂತ. ಅದನ್ನ ಪುಡಿ ಮಾಡಿದರೆ ಕೊಟ್ಟೂ ಕೊಡದ ಹಾಗೆ.

ಇದನ್ನ ಅವ್ವನಿಗೆ ಹೇಗೆ ಹೇಳೋದು? ಸಿರುಗುಪ್ಪದವರು ಅಂದರೆ ಭತ್ತ, ಭತ್ತ ಅಂದರೆ ಕಾಲುವೆ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಗಿದ್ದನ್ನ ನಮ್ಮೂರಲ್ಲಿ ಯಾರೂ ಮರೆತಿಲ್ಲ. "ಗೇಟ್ ಕಿತ್ತು ಹೋದಾಗ ನೀರೆಲ್ಲ ಒಮ್ಮಿಗೇ ಹೋತಲ್ಲವ್ವ, ಹಂಗ ಇದು" ಅಂದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ನಾನೇ ಗೇಟ್ ಕಿತ್ತೆನಾ?" ಅಂದಳು. ನೀನಲ್ಲ, ನಾನು ಅಂದೆ.

ಡಾಕ್ಟರು ಪೂರ್ತಿ ಗುಳಿಗೆಯದೇ ತಪ್ಪು ಅನ್ನಲಿಲ್ಲ. ಬಿಸಿಲಿತ್ತು, ಅಪ್ಪ ನೀರು ಕುಡಿಯೋದನ್ನೇ ಕಡಿಮೆ ಮಾಡಿದ್ದ. ಆದರೆ ಯಾಕೆ ಕಡಿಮೆ ಮಾಡಿದ್ದ ಅಂತ ಕೇಳಿದರೆ ಮತ್ತೆ ನನ್ನ ಮಾತಿಗೇ ಬರುತ್ತದೆ. ನೀರು ಕುಡಿದರೆ ಅವನಿಗೆ ಕೆಮ್ಮು ಬರುತ್ತಿತ್ತು. ಲಕ್ವ ಹೊಡೆದವರಿಗೆ ಗಂಟಲಿನ ಹಿಡಿತ ತಪ್ಪಿದಾಗ ಗಟ್ಟಿ ಪದಾರ್ಥಕ್ಕಿಂತ ನೀರು, ಮಜ್ಜಿಗೆಯಂಥ ತೆಳು ಪದಾರ್ಥವೇ ಬೇಗ ಶ್ವಾಸನಾಳಕ್ಕೆ ಜಾರೋದು. ಕುಡಿದ ಮೇಲೆ ಕೆಮ್ಮು, ದನಿ ಗೊರಗೊರ ಅನ್ನೋದು ಅದರ ಗುರುತು. ಹಾಗೆಯೇ ಬಿಟ್ಟರೆ ನ್ಯುಮೋನಿಯಾ ಆಗಬಹುದು. "ನುಂಗವಲ್ಲ" ಅಂತ ಅವ್ವ ಅಂದಾಗ ನಾನು ಕೇಳಬೇಕಿದ್ದದ್ದು ಯಾವ ಗುಳಿಗೆ ಅಂತ, ನೀರು ಕುಡಿದರೂ ಕೆಮ್ತಾನಾ ಅಂತ. ಎರಡೂ ಕೇಳಲಿಲ್ಲ. ಒಂದೇ ವಾಕ್ಯದಲ್ಲಿ ಎರಡು ತಪ್ಪು ಸಲಹೆ ಕೊಟ್ಟಿದ್ದೆ.

ನಮ್ಮ ವಾರ್ಡಿನ ಗೋಡೆ ಮೇಲೆ ಒಂದು ಪೋಸ್ಟರ್ ಇದೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಔಷಧಿಯಿಂದ ಹಾನಿಯಾಗದಿರಲಿ ಅಂತ ಜಗತ್ತಿಗೆಲ್ಲ ಕರೆ ಕೊಟ್ಟಿತ್ತು, 2022ರ ಸೆಪ್ಟೆಂಬರ್ 17ರ ರೋಗಿ ಸುರಕ್ಷತಾ ದಿನಕ್ಕೂ ಅದನ್ನೇ ವಿಷಯ ಮಾಡಿತ್ತು. ಆ ಪೋಸ್ಟರ್ ಅಂಟಿಸುವಾಗ ಟೇಪ್ ಹಿಡಿದುಕೊಂಡಿದ್ದವಳು ನಾನೇ.

ಅಪ್ಪ ಡಿಸ್ಚಾರ್ಜ್ ಆದ ಮೇಲೆ ನಾಲ್ಕು ದಿನ ರಜೆ ಹಾಕಿ ಸಿರುಗುಪ್ಪಕ್ಕೆ ಹೋದೆ. ಅವ್ವ ಗುಳಿಗೆ ಕೊಡೋದನ್ನ ಮೊದಲ ದಿನ ಸುಮ್ಮನೆ ಕೂತು ನೋಡಿದೆ. ಹಳೇ ಸ್ಟೀಲ್ ಡಬ್ಬಿಯ ತುಂಬ ಕತ್ತರಿಸಿದ ಸ್ಟ್ರಿಪ್ಪಿನ ತುಂಡುಗಳು. ಒಂದರಲ್ಲಿ ಹೆಸರಿಲ್ಲ, ಇನ್ನೊಂದರಲ್ಲಿ ತಾರೀಕಿಲ್ಲ. ಅದರಲ್ಲೇ ಅವ್ವನ ಮೊಣಕಾಲು ನೋವಿನ ಗುಳಿಗೆ, ಹೋದ ವರ್ಷ ತಮ್ಮನಿಗೆ ಜ್ವರ ಬಂದಾಗ ಉಳಿದದ್ದು. ಅಪ್ಪ ದಿಂಬಿಗೆ ಒರಗಿ ಅರ್ಧ ಮಲಗಿದ್ದ. ಅವ್ವ ನಾಲ್ಕೂ ಗುಳಿಗೆ ಒಟ್ಟಿಗೆ ಬಾಯಿಗೆ ಹಾಕಿ, ಅವನ ತಲೆ ಹಿಂದಕ್ಕೆ ಬಾಗಿಸಿ ನೀರು ಹೊಯ್ದಳು. ಅಪ್ಪ ಗುಟುಕರಿಸಿದ. ಬಾಯಿ ತೆರೆಸಿ ಟಾರ್ಚ್ ಹಾಕಿ ನೋಡಿದರೆ ಬಲಗೆನ್ನೆಯ ಸಂದಿಯಲ್ಲಿ ಎರಡು ಗುಳಿಗೆ ಹಾಗೇ ಕೂತಿದ್ದವು. ಆ ಕಡೆ ಅವನಿಗೆ ಸ್ಪರ್ಶವೇ ಕಡಿಮೆ, ಅಲ್ಲಿ ಏನಿದೆ ಅಂತ ಅವನಿಗೆ ಗೊತ್ತಾಗುತ್ತಿರಲಿಲ್ಲ.

ನಮ್ಮ ಓದುಗರಲ್ಲಿ ಬಹಳ ಮಂದಿ ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಇದ್ದುಕೊಂಡು ರಾತ್ರಿ ಊರಿಗೆ ಫೋನ್ ಮಾಡಿ "ಮಾತ್ರೆ ತಗೊಂಡ್ರಾ?" ಅಂತ ಕೇಳೋರು. ಹೂಂ ಅಂತಲೇ ಉತ್ತರ ಬರುತ್ತದೆ. ನನಗೂ ನಾಲ್ಕು ತಿಂಗಳು ಹೂಂ ಅಂತಲೇ ಬಂದಿತ್ತು. ವೀಡಿಯೊ ಕಾಲ್ ಮಾಡಿ ಡಬ್ಬಿ ತೆಗೆದು ತೋರಿಸಿ ಅನ್ನಿ. ನೋಡಿ ಬೆಚ್ಚಿಬೀಳದಿದ್ದರೆ ನಿಮ್ಮ ಪುಣ್ಯ.

ಡಾಕ್ಟರು ಬಿಪಿ ಗುಳಿಗೆಯನ್ನ ಪುಡಿ ಮಾಡಬಹುದಾದ ಸಾದಾ ಗುಳಿಗೆಗೆ ಬದಲಿಸಿ, ದಿನಕ್ಕೆರಡು ಸಲ ಅಂದಿದ್ದರು. ನುಂಗೋದನ್ನ ಪರೀಕ್ಷೆ ಮಾಡೋ ಥೆರಪಿಸ್ಟ್ ಅಪ್ಪನಿಗೆ ಗಟ್ಟಿ ಮೊಸರು ಆಗಬಹುದು, ತೆಳು ಮಜ್ಜಿಗೆ ಸದ್ಯಕ್ಕೆ ಬೇಡ ಅಂದರು. ಉಳಿದ ಮೂರು ದಿನ ಅವ್ವನ ಕೈಯಲ್ಲೇ ಮಾಡಿಸಿದೆ. ಕುರ್ಚಿಯಲ್ಲಿ ನೆಟ್ಟಗೆ ಕೂರಿಸೋದು, ಗದ್ದ ಸ್ವಲ್ಪ ಕೆಳಗೆ. ಒಂದು ಸಲಕ್ಕೆ ಒಂದೇ ಗುಳಿಗೆ, ಒಂದೇ ಚಮಚ ಮೊಸರಿನಲ್ಲಿ. ಲೋಟದ ತುಂಬ ಕಲಸಿದರೆ ಅರ್ಧ ಔಷಧಿ ತಳದಲ್ಲಿ ಉಳಿಯುತ್ತದೆ. ಎಡಗಡೆಯಿಂದ ಕೊಡೋದು, ನುಂಗಿದ ಮೇಲೆ ಬಲಗೆನ್ನೆ ನೋಡೋದು. ಆಮೇಲೆ ಅರ್ಧ ತಾಸು ಮಲಗಿಸಬಾರದು. ಮೊಸರಿನ ಉಪಾಯ ಎಲ್ಲ ಗುಳಿಗೆಗೂ ಅಲ್ಲ ಅಂತಲೂ ಹೇಳಿದೆ. ಸಿಪ್ರೊಫ್ಲಾಕ್ಸಸಿನ್‌ನಂಥ ಕೆಲವು ಆಂಟಿಬಯಾಟಿಕ್ ಹಾಲು ಮೊಸರಿನ ಜೊತೆ ಸರಿಯಾಗಿ ಮೈಗೆ ಹತ್ತೋದಿಲ್ಲ. ಅವ್ವ ಕೈಮುಗಿದು, "ಇಷ್ಟೆಲ್ಲ ಐತಿ ಅಂತ ಗೊತ್ತಿದ್ರ ನಾನೂ ನರ್ಸ್ ಆಗ್ತಿದ್ದೆ" ಅಂದಳು.

ವಾಪಸ್ ಬರುವಾಗ ಕುರುಗೋಡಿನಲ್ಲಿ ಇಳಿದು ಸೋದರತ್ತೆಯನ್ನ ಮಾತಾಡಿಸಿ ಬಂದೆ. ಅತ್ತೆಗೆ ಕೀಲುವಾತ, ಮೆಥೊಟ್ರೆಕ್ಸೇಟ್ ತಗೋತಾಳೆ. ಅದು ವಾರಕ್ಕೆ ಒಂದೇ ದಿನ ತಗೊಳ್ಳೋ ಔಷಧಿ, ಮರೆತು ದಿನಾ ನುಂಗಿದರೆ ಜೀವಕ್ಕೇ ಅಪಾಯ. ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. "ಅತ್ತಿ, ಆ ಗುಳಿಗಿ ಯಾವಾಗ ತಗೋತೀ?" ಅಂದೆ. "ಸೋಮವಾರ. ಬಸವಣ್ಣನ ವಾರ. ದೊಡ್ಡ ಬಸವೇಶ್ವರನ ಗುಡಿಗಿ ಹೋಗಿ ಬಂದು, ಊಟ ಮಾಡಿ ನುಂಗ್ತೀನಿ. ಗುಡಿಗಿ ಹೋಗದ ದಿನ ಆ ಡಬ್ಬಿ ಮುಟ್ಟಂಗಿಲ್ಲ." ಶಾಲೆಯ ಮೆಟ್ಟಿಲು ಹತ್ತದ ಅತ್ತೆ. ಯಾರು ಹೇಳಿಕೊಟ್ಟರು ಅಂದರೆ, "ಯಾರು ಹೇಳ್ತಾರ, ನಾನೇ ಮಾಡ್ಕೊಂಡೆ" ಅಂದಳು. ಫೋಲಿಕ್ ಆಸಿಡ್ ಬೇರೆ ಡಬ್ಬಿಯಲ್ಲಿ ಬೇರೆ ದಿನಕ್ಕೆ ಇತ್ತು. ಅಲ್ಲಿ ನಾನು ಚಹ ಕುಡಿದು ಬಂದೆ, ಅಷ್ಟೇ.

ಜೂನಿನಲ್ಲಿ ಒಂದು ಸಂಜೆ ಅವ್ವನಿಂದ ವಾಟ್ಸಾಪಿನಲ್ಲಿ ಫೋಟೊ ಬಂತು. ಹಿಂದೆಯೇ ಫೋನು. ತಮ್ಮ ಅವಸರದಲ್ಲಿ ಹಳೇ ಚೀಟಿ ಒಯ್ದು ಮೆಡಿಕಲ್ ಶಾಪಿನಿಂದ ತಿಂಗಳ ಗುಳಿಗೆ ತಂದಿದ್ದ.

"ಯವ್ವಾ, ಇದರ ಮ್ಯಾಗ ಇಂಟು ಮಾರ್ಕ್ ಐತಿ ನೋಡು. ನಾ ಕೊಟ್ಟಿಲ್ಲ. ಬಾಜೂಕ ಇಟ್ಟೀನಿ."

ಅವ್ವನಿಗೆ ಇಂಗ್ಲಿಷ್ ಓದಲು ಬರೋದಿಲ್ಲ. ಎಕ್ಸ್ ಅಕ್ಷರವನ್ನ ಲೆಕ್ಕದ ಇಂಟು ಮಾರ್ಕ್ ಅಂತ ಗುರುತಿಟ್ಟುಕೊಂಡಿದ್ದಳು. ಫೋಟೊ ದೊಡ್ಡದು ಮಾಡಿ ನೋಡಿದೆ. ಎಕ್ಸ್‌ಎಲ್ 50. ಟ್ರಾಲಿಯನ್ನ ಗೋಡೆ ಬದಿಗೆ ಸರಿಸಿ, ಜೊತೆಯವಳಿಗೆ ಒಂದು ನಿಮಿಷ ನೋಡ್ಕೋ ಅಂತ ಹೇಳಿ, ವೀಡಿಯೊ ಕಾಲ್ ಮಾಡಿದೆ. ಹೊಸ ಚೀಟಿ ಎಲ್ಲಿದೆ, ಮನೆಯಲ್ಲಿ ಸಾದಾ ಗುಳಿಗೆ ಎಷ್ಟು ಉಳಿದಿವೆ ಅಂತ ಒಂದೊಂದೇ ಕೇಳಿದೆ. ಇವತ್ತಿಗೆ, ನಾಳೆಗೆ ಇದ್ದವು. ನಾಳೆ ತಮ್ಮ ಹೊಸ ಚೀಟಿ ಒಯ್ದು ಬದಲಿಸಿಕೊಂಡು ಬರಲಿ ಅಂದೆ.

ಅವ್ವ ಅಲ್ಲೇ ಸಂಜೆಯ ಗುಳಿಗೆ ಕೊಟ್ಟಳು. ಕುರ್ಚಿಯಲ್ಲಿ ಕೂತಿದ್ದ ಅಪ್ಪ ನುಂಗಿ, ಯಾರೂ ಕೇಳದೆಯೇ ಫೋನಿನ ಕಡೆ ತಿರುಗಿ ಬಾಯಿ ತೆರೆದ. ನಾಲಿಗೆ ಎತ್ತಿ ತೋರಿಸಿದ. ಆಮೇಲೆ ಎಡಗೈ ಬೆರಳಿನಿಂದ ಬಲಗೆನ್ನೆ ಎಳೆದು ಹಿಡಿದು, ನಾನು ನೋಡಿದೆ ಅನ್ನೋವರೆಗೂ ಬಿಡಲಿಲ್ಲ.