ಸಗರನಾಡಿನಲ್ಲಿ ಸಂಸಾರ

ಮೈಸೂರಿನವರಿಗೆ ಪರದೇಶವೆಂದರೆ ಕಡಲಾಚೆಯೇ ಇರಬೇಕೆಂದೇನೂ ಇಲ್ಲ. 2014ರಲ್ಲಿ ನನಗೂ ನನ್ನ ಶ್ರೀಮತಿಗೂ ಒಂದೇ ಜಿಲ್ಲೆಯಲ್ಲಿ ಶಿಕ್ಷಕರ ಹುದ್ದೆ ದೊರೆತು, ಆ ಜಿಲ್ಲೆ ಯಾದಗಿರಿ ಎಂದು ತಿಳಿದಾಗ, ಬಂಧುಗಳು ನಮ್ಮನ್ನು ಹಡಗು ಹತ್ತಿಸುವವರಂತೆಯೇ ಬೀಳ್ಕೊಟ್ಟರು. ಅತ್ತೆಯವರು ಒಂದು ಚೀಲ ರಾಗಿಹಿಟ್ಟನ್ನೇ ಕಟ್ಟಿಕೊಟ್ಟರು.

ಬೆಂಗಳೂರಿನಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಗಿನ ಜಾವಕ್ಕೆ ಯಾದಗಿರಿ. ನಿಲ್ದಾಣದಿಂದ ಹೊರಬಂದರೆ ಬೆಟ್ಟದ ಮೇಲೆ ಹಳೆಯ ಕೋಟೆ; ಊರು ದಾಟಿದರೆ ಭೀಮಾನದಿ; ಅಲ್ಲಿಂದಾಚೆಗೆ ಹತ್ತಿ, ತೊಗರಿಗಳ ಕರಿಯ ಎರೆಭೂಮಿ. ಶಹಾಪುರದಲ್ಲಿ ಬೆಟ್ಟಗಳ ಸಾಲೇ ಅಂಗಾತ ಮಲಗಿದ ಬುದ್ಧನಂತೆ ಕಾಣುತ್ತದೆ. ಹಣೆ, ಮೂಗು, ಗಲ್ಲ ಎಲ್ಲವೂ ಸ್ಪಷ್ಟ. ಶಹಾಪುರದಿಂದ ಸುರಪುರಕ್ಕೆ ಹೋಗುವುದು ಬೀದರ್–ಶ್ರೀರಂಗಪಟ್ಟಣ ಹೆದ್ದಾರಿ. ಆ ಹೆಸರು ಕೇಳಿ ನನ್ನಾಕೆ, “ಇದೇ ರಸ್ತೆಯಲ್ಲಿ ಸುಮ್ಮನೆ ನಡೆಯುತ್ತ ಹೋದರೆ ಮನೆ ಸಿಕ್ಕೀತಲ್ಲವೇ?” ಎಂದಳು. ನಗುತ್ತಲೇ ಹೇಳಿದಳು, ಆದರೆ ಕಣ್ಣು ತುಂಬಿತ್ತು.

ಸುರಪುರ ಗುಡ್ಡಗಳ ನಡುವಿನ ಊರು. ನಾಯಕ ಅರಸರ ರಾಜಧಾನಿಯಾಗಿದ್ದದ್ದು. ಇಲ್ಲಿ ನಮಗಿಂತ ಹೆಚ್ಚು ಪರಕೀಯನಾಗಿ ಬಂದವನೊಬ್ಬನಿದ್ದ. 1841ರಲ್ಲಿ ಬಂದ ಆಂಗ್ಲ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್, ಬಾಲಕ ದೊರೆ ವೆಂಕಟಪ್ಪನಾಯಕ ಪ್ರಾಯಕ್ಕೆ ಬರುವವರೆಗೆ, ಅಂದರೆ 1853ರವರೆಗೆ, ಸಂಸ್ಥಾನದ ಆಡಳಿತ ನೋಡಿಕೊಂಡ. ಜನ ಅವನನ್ನು ‘ಮಹಾದೇವ ಬಾಬಾ’ ಎಂದು ಕರೆದರು. ಗುಡ್ಡದ ಮೇಲೆ ಅವನ ಬಂಗಲೆ ‘ಟೇಲರ್ ಮಂಜಿಲ್’ ಇಂದಿಗೂ ನಿಂತಿದೆ. ಅವನು ಬೆಳೆಸಿದ ದೊರೆಯೇ ಮುಂದೆ ಬ್ರಿಟಿಷರ ವಿರುದ್ಧ ಎದ್ದು 1858ರಲ್ಲಿ ಸೆರೆಯಲ್ಲಿ ಮಡಿದದ್ದು ಚರಿತ್ರೆಯ ವಿಪರ್ಯಾಸ. 1860ರಲ್ಲಿ ಸೀಮೆ ನಿಜಾಮರ ಪಾಲಾಯಿತು. ಕನ್ನಡದ ಮಕ್ಕಳಿಗೆ ಉರ್ದು ಆಡಳಿತ ಭಾಷೆಯಾಯಿತು. 1956ರ ನವೆಂಬರ್ 1ರವರೆಗೂ ಇದು ಮೈಸೂರಿನವರ ಪಾಲಿಗೆ ನಿಜವಾಗಿಯೂ ಬೇರೆ ರಾಜ್ಯವೇ. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇಕಡ 52ರ ಆಸುಪಾಸಿನಲ್ಲಿದ್ದು, ಇಡೀ ಕರ್ನಾಟಕದಲ್ಲಿ ಕಟ್ಟಕಡೆಯದಾಗಿದ್ದುದರ ಹಿಂದೆ ಇಷ್ಟು ಉದ್ದದ ಕಥೆಯಿದೆ. ಜನರನ್ನು ಹಳಿಯುವವರು ಇದನ್ನು ಮರೆಯುತ್ತಾರೆ.

ಬಾಡಿಗೆ ಮನೆ ಸಿಕ್ಕಿತು. ಫರಸಿಕಲ್ಲಿನ ನೆಲ, ಮೇಲೆ ಮಾಳಿಗೆ. ಬೇಸಗೆಯಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟಿದಾಗ ರಾತ್ರಿಯ ಮಲಗುವಿಕೆಯೆಲ್ಲ ಮಾಳಿಗೆಯ ಮೇಲೆಯೇ. ರಾಗಿಹಿಟ್ಟು ಆಗಸ್ಟ್‌ಗೆ ಮುಗಿಯಿತು. ಆಗ ಮನೆಯೊಡತಿ ನನ್ನಾಕೆಯನ್ನು ತನ್ನ ಒಲೆಯ ಮುಂದೆ ಕೂರಿಸಿಕೊಂಡು, ಜೋಳದ ಹಿಟ್ಟಿಗೆ ಎಸರು ಹೊಯ್ದು ನಾದುವುದನ್ನೂ ರೊಟ್ಟಿ ಬಡಿಯುವುದನ್ನೂ ಕಲಿಸಿದಳು. ಮೊದಮೊದಲು ರೊಟ್ಟಿಗಳು ಭಾರತದ ಭೂಪಟದಂತಿದ್ದವು. “ಹೊಸದಾಗಿ ಹಿಂಗಾ ಆಗ್ತದ್ರೀ ಅಕ್ಕೋರ, ಕೈಗೆ ತಿಳೀಬೇಕು” ಎಂದು ಆಕೆ ಅವನ್ನೇ ಪುಂಡಿಪಲ್ಯದ ಜೊತೆ ನನಗೆ ಬಡಿಸಿದಳು. ಶಿಕ್ಷಕಿ ಇಲ್ಲಿ ‘ಅಕ್ಕೋರು’, ಶಿಕ್ಷಕ ‘ಮಾಸ್ತರ’. ಬೈಗುಳಕ್ಕೂ ‘ರೀ’ ಹಚ್ಚುವ ಈ ಭಾಷೆಯ ಮುಂದೆ ನಮ್ಮ ಮೈಸೂರು ವಿನಯ ಕೊಂಚ ಒಣಕಲೆಂದೇ ನನಗೆ ತೋರುತ್ತದೆ.

ಊಟ, ಭಾಷೆಗಳು ಒಗ್ಗಿದವು. ಒಗ್ಗದೆ ಉಳಿದದ್ದು ಹಾಜರಿ ಪುಸ್ತಕ. ದೀಪಾವಳಿ ಮುಗಿಯಿತೆಂದರೆ ತರಗತಿಯಲ್ಲಿ ಅಲ್ಲೊಂದು ಇಲ್ಲೊಂದು ಜಾಗ ಖಾಲಿ. ಕೆಲವರು ಹತ್ತಿ ಬಿಡಿಸಲು, ಕೆಲವರು ತಂದೆತಾಯಿಯರೊಡನೆ ದೂರದೂರಿಗೆ. “ಎಲ್ಲಿ ಹೋದನೋ?” ಎಂದರೆ, “ದುಡಿಲಾಕ ಹೋಗ್ಯಾನ್ರೀ ಸರ್, ಬೆಂಗಳೂರಿಗೆ” ಎಂಬ ಉತ್ತರ. ಕೃಷ್ಣೆಯ ಕಾಲುವೆ ಹರಿದಲ್ಲಿ ಭತ್ತ ಬೆಳೆಯುತ್ತದೆ. ಹರಿಯದಲ್ಲಿ ಮಳೆಗಾಲದ ಬೆಳೆ ಮುಗಿದ ಮೇಲೆ ಕೂಲಿಯಿಲ್ಲ. ನಾವು ಪಾಠ ಹೇಳಲು ಬಂದ ದಾರಿಯಲ್ಲೇ ನಮ್ಮ ವಿದ್ಯಾರ್ಥಿಗಳು ಎದುರುಮುಖವಾಗಿ, ಇಟ್ಟಿಗೆ ಹೊರುವವರ ಜೊತೆ, ಹೋಗುತ್ತಿದ್ದರು.

ನನ್ನಾಕೆಯ ಐದನೆಯ ತರಗತಿಯಲ್ಲಿ ಲೆಕ್ಕದಲ್ಲಿ ಬಲು ಚುರುಕಾದ ಹುಡುಗಿಯೊಬ್ಬಳಿದ್ದಳು. ಅವಳ ಮನೆಯವರೂ ಗಂಟು ಕಟ್ಟುತ್ತಿದ್ದಾರೆಂದು ತಿಳಿದು ಇಬ್ಬರೂ ಸಂಜೆ ಅವರ ಹಟ್ಟಿಗೆ ಹೋದೆವು. ಚಿಕ್ಕ ಮಗುವನ್ನು ನೋಡಿಕೊಳ್ಳಲು ಅವಳು ಬೇಕೆಂದು ತಾಯಿ. ಊರಲ್ಲಿ ಬಿಟ್ಟರೆ ಕಾಯುವವರಾರೆಂದು ತಂದೆ. ಎರಡು ಮಾತಿನಲ್ಲೂ ಸುಳ್ಳಿರಲಿಲ್ಲ. ಕೊನೆಗೆ ಮೂಲೆಯಲ್ಲಿದ್ದ ಅಜ್ಜಿ ಹೇಳಿದಳು: “ನನ್ನ ಹಂತ್ಯಾಕ ಇರಲಿ. ಅಕ್ಕೋರ ಇಲ್ಲಿ ಇರೋತನಕ ಹುಡುಗಿ ಸಾಲಿ ಬಿಡಂಗಿಲ್ಲ.”

ಈ ಮಾತಿನ ತೂಕ ನಮಗೆ ತಿಳಿದದ್ದು ವರ್ಗಾವಣೆಯ ಅರ್ಜಿ ಕರೆದಾಗ. ಮೈಸೂರಿನಲ್ಲಿ ನನ್ನ ತಾಯಿ ಒಬ್ಬರೇ; ಮಂಡಿನೋವು. ನಾನು ಅರ್ಜಿ ತುಂಬಿಟ್ಟಿದ್ದೆ. ನನ್ನಾಕೆ ತನ್ನದನ್ನು ಮುಟ್ಟಲೇ ಇಲ್ಲ. ಎರಡು ದಿನ ಮನೆಯಲ್ಲಿ ಮಾತು ಕಡಮೆ. ಮೂರನೆಯ ದಿನ ತಾಯಿಗೆ ಫೋನು ಮಾಡಿದೆ. ಆ ಚಳಿಗಾಲದಲ್ಲಿ ಅವರೇ ಇಲ್ಲಿಗೆ ಬಂದರು. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲಿ, ಸಜ್ಜೆರೊಟ್ಟಿ ತಿಂದು, “ಇದೇನು ಪರದೇಶವೇನೋ?” ಎಂದರು.

ಹುಡುಗಿ ಏಳನೆಯದನ್ನು ಮುಗಿಸಿ ಪ್ರೌಢಶಾಲೆ ಸೇರಿದಳು. ಅಜ್ಜಿ ಎಳ್ಳು ಹಚ್ಚಿದ ರೊಟ್ಟಿಗಳ ಗಂಟು ಹಿಡಿದು ಬಂದು, ಜಗುಲಿಯ ಮೇಲೆ ಕುಳಿತು, ಸುತ್ತಮುತ್ತಲಿನ ಮಾತೆಲ್ಲ ಆಡಿ, ಏಳುವಾಗ ಕೇಳಿದಳು:

“ಅಕ್ಕೋರ, ಇನ್ನೆಷ್ಟು ವರ್ಷ ಇರ್ತೀರಿ? ಇಕಿ ತಮ್ಮ ಈಗ ಮೂರನೇ ಕ್ಲಾಸಿನಾಗ ಅದಾನ್ರೀ.”